ಬಾಡಿಗೆಯ ಅಂಗಳಕ್ಕೆ ಸ್ವಂತ ಬೀಗದ ಕೈ

ವ್ಯಾಪಾರಕ್ಕಾಗಿ ಜಾಗವನ್ನು ಬಾಡಿಗೆಗೆ ಪಡೆಯುವುದು ನಮ್ಮ ಸದಸ್ಯರಿಗೆ ಹೊಸ ಸಂಗತಿಯೇನಲ್ಲ. ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿ ಗೋದಾಮು, ಪೇಟೆಬೀದಿಯಲ್ಲಿ ಮಳಿಗೆ, ಕೈಗಾರಿಕಾ ವಸಾಹತಿನಲ್ಲಿ ಶೆಡ್ಡು, ಇವುಗಳಲ್ಲಿ ಯಾವುದನ್ನು ಹಿಡಿಯುವುದಿದ್ದರೂ ನಾವು ಕರಾರುಪತ್ರವನ್ನು ಓದಿ ನೋಡುತ್ತೇವೆ. ಮುಂಗಡ ಎಷ್ಟು, ತೆರವುಗೊಳಿಸಲು ಎಷ್ಟು ತಿಂಗಳ ನೋಟೀಸು ಎಂದು ವಿಚಾರಿಸುತ್ತೇವೆ. ಬೀಗವನ್ನು ನಮ್ಮದೇ ಹಾಕುತ್ತೇವೆ. ಒಳಗಿನ ದಾಸ್ತಾನಿಗೆ ವಿಮೆ ಇಳಿಸುತ್ತೇವೆ. ಇಷ್ಟೆಲ್ಲ ಎಚ್ಚರ ವಹಿಸುವ ಅದೇ ವ್ಯಾಪಾರಿಯು ಅಂತರ್ಜಾಲದಲ್ಲಿ ತನ್ನ ಸಂಸ್ಥೆಯ ಜಾಲತಾಣಕ್ಕೆ ಜಾಗ ಪಡೆಯುವಾಗ ಮಾತ್ರ ಏನನ್ನೂ ಕೇಳುವುದಿಲ್ಲ. ತಾಣವು ಯಾವ ಕಂಪನಿಯ ಯಂತ್ರದಲ್ಲಿದೆ, ಅದರ ವಿಳಾಸ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ, ಅದರೊಳಗಿನ ಮಾಹಿತಿಯ ನಕಲು ಎಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ಹಾಕಿದರೆ, "ಅದನ್ನೆಲ್ಲ ತಾಣ ಮಾಡಿಕೊಟ್ಟ ಹುಡುಗ ನೋಡಿಕೊಳ್ಳುತ್ತಾನೆ" ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ.

ಈ ಮೂರು ಪ್ರಶ್ನೆಗಳ ಬೆಲೆಯನ್ನು ನಷ್ಟ ಅನುಭವಿಸಿ ಕಲಿತವರು ಕೆಲವರಿದ್ದಾರೆ. ಅವರು ವ್ಯಾಪಾರಿಗಳಲ್ಲ, ಅಂತರ್ಜಾಲದಲ್ಲಿ ಗುಂಪು ಕಟ್ಟಿಕೊಂಡು ಗಣಕದ ಆಟಗಳನ್ನು ಆಡುವ ತರುಣರು. ಕಳೆದ ಮೂರು ದಶಕಗಳಲ್ಲಿ ಈ ಆಟಗಾರರ ಗುಂಪುಗಳಿಗೆ ಅಂತರ್ಜಾಲದಲ್ಲಿ ಜಾಗ ಬಾಡಿಗೆಗೆ ಕೊಡುವುದೇ ಒಂದು ಪ್ರತ್ಯೇಕ ವ್ಯವಹಾರವಾಗಿ ಬೆಳೆದಿದೆ. ಆ ವ್ಯವಹಾರದಲ್ಲಿ ಆದ ಏರುಪೇರುಗಳು ನಮ್ಮ ಸಣ್ಣ ವ್ಯಾಪಾರಿಗಳಿಗೂ ಸಣ್ಣ ಉತ್ಪಾದಕರಿಗೂ ನೇರವಾಗಿ ಅನ್ವಯಿಸುವಂಥವು ಎಂಬುದೇ ಈ ಲೇಖನದ ಪ್ರತಿಪಾದನೆ.

ಮೊದಲಿಗೇ ಒಂದು ಸ್ಪಷ್ಟನೆ ಅಗತ್ಯ. ಆನ್‌ಲೈನ್ ಆಟವೆಂದೊಡನೆ ಹಣ ಪಣಕ್ಕಿಡುವ ಆಟಗಳು ಹಲವರ ನೆನಪಿಗೆ ಬರುತ್ತವೆ. 2025ರ ಆಗಸ್ಟ್ ತಿಂಗಳಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆಯು ಅಂಥ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿಯೇ ಗುರುತಿಸಿದೆ. ಇಲ್ಲಿ ಹೇಳಹೊರಟಿರುವುದು ಪಣವಿಲ್ಲದ, ಕೇವಲ ಆಟಕ್ಕಾಗಿ ಕೂಡಿದ ಗುಂಪುಗಳ ವಿಷಯ.

ವ್ಯವಹಾರದ ಸ್ವರೂಪ

1996ರಲ್ಲಿ ಅಮೆರಿಕದ ಇಡ್ ಸಾಫ್ಟ್‌ವೇರ್ ಕಂಪನಿಯು ಕ್ವೇಕ್ ಎಂಬ ಆಟವನ್ನು ಬಿಡುಗಡೆ ಮಾಡಿತು. ಒಂದು ಗಣಕಯಂತ್ರವು ಪಂದ್ಯವನ್ನು ನಡೆಸುವುದು, ಬೇರೆ ಬೇರೆ ಊರುಗಳ ಆಟಗಾರರು ತಮ್ಮ ಗಣಕಗಳಿಂದ ಅದಕ್ಕೆ ಜೋಡಿಕೊಂಡು ಆಡುವುದು, ಇದು ಅದರ ಏರ್ಪಾಡು. ಹೀಗೆ ಪಂದ್ಯ ನಡೆಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು. ಆಟಗಾರರು ತಮ್ಮ ತಮ್ಮಲ್ಲೇ ಕ್ಲ್ಯಾನ್ ಎಂಬ ತಂಡಗಳನ್ನು ಕಟ್ಟಿಕೊಂಡರು. ಮುಂದೆ ಕೌಂಟರ್-ಸ್ಟ್ರೈಕ್, 2011ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ಮೈನ್‌ಕ್ರಾಫ್ಟ್ ಮುಂತಾದ ಆಟಗಳು ಬಂದಂತೆ ಇಂಥ ತಂಡಗಳ ಸಂಖ್ಯೆ ಬೆಳೆಯುತ್ತಾ ಹೋಯಿತು.

ಪ್ರತಿಯೊಂದು ತಂಡಕ್ಕೂ ಎರಡು ವಸ್ತುಗಳು ಬೇಕು. ಹಗಲಿರುಳೂ ಚಾಲನೆಯಲ್ಲಿದ್ದು ಆಟ ನಡೆಸುವ ಸರ್ವರ್ ಒಂದು. ಸದಸ್ಯರ ಪಟ್ಟಿ, ಪಂದ್ಯಗಳ ವೇಳಾಪಟ್ಟಿ, ಫಲಿತಾಂಶ, ಚಂದಾ ಹಣದ ಲೆಕ್ಕ ಇವುಗಳನ್ನು ಪ್ರಕಟಿಸುವ ಜಾಲತಾಣ ಇನ್ನೊಂದು. ಮನೆಯ ಗಣಕದಲ್ಲಿ ಇವನ್ನು ನಡೆಸಲು ಹೊರಟರೆ ವಿದ್ಯುತ್ ಹೋದೊಡನೆ ಎಲ್ಲವೂ ನಿಲ್ಲುತ್ತದೆ. ಮನೆಯ ಸಂಪರ್ಕದ ವೇಗವೂ ಸಾಲದು. ಆದ್ದರಿಂದ ದೊಡ್ಡ ದತ್ತಾಂಶ ಕೇಂದ್ರಗಳಲ್ಲಿ ಯಂತ್ರಗಳನ್ನಿಟ್ಟು, ಅವುಗಳನ್ನು ಪಾಲು ಮಾಡಿ ತಿಂಗಳ ಬಾಡಿಗೆಗೆ ಕೊಡುವ ಹೋಸ್ಟಿಂಗ್ ಸಂಸ್ಥೆಗಳು ಹುಟ್ಟಿಕೊಂಡವು. ಯುವಕ ಸಂಘದವರು ಗಣೇಶೋತ್ಸವಕ್ಕೆ ಚಂದಾ ಎತ್ತುವಂತೆ ತಂಡದವರು ತಲೆಗಿಷ್ಟು ಕೂಡಿಸಿ ಈ ಬಾಡಿಗೆಯನ್ನು ಕಟ್ಟುತ್ತಾರೆ. ಗಿರಾಕಿ ಸಣ್ಣವನು, ಬಿಲ್ಲೂ ಸಣ್ಣದು. ಆದರೆ ಅದು ತಿಂಗಳು ತಿಂಗಳೂ ಬರುವ ಬಿಲ್ಲು.

ಈ ಗಿರಾಕಿ ಸರಕಿನ ಗುಣವನ್ನು ಚೆನ್ನಾಗಿ ಬಲ್ಲವನೆಂಬುದು ಗಮನಿಸತಕ್ಕ ಅಂಶ. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. ಬೆಂಗಳೂರಿನಿಂದ ಸುಮಾರು 3,200 ಕಿಲೋಮೀಟರ್ ದೂರದ ಸಿಂಗಪುರದಲ್ಲಿ ಸರ್ವರ್ ಇದ್ದರೆ, ತಂತಿಯನ್ನು ನೇರವಾಗಿಯೇ ಎಳೆದಿದ್ದರೂ ಒಂದು ಸಂದೇಶ ಹೋಗಿ ಬರಲು 32 ಮಿಲಿಸೆಕೆಂಡುಗಳಾದರೂ ಬೇಕು. ಸರ್ವರ್ ಮುಂಬಯಿಯಲ್ಲಿದ್ದರೆ ಇದರ ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ ಸಾಕು. ಜಾಹೀರಾತಿನಲ್ಲಿ ಏನೇ ಬರೆದಿರಲಿ, ಈ ವ್ಯತ್ಯಾಸವು ಆಟಗಾರನ ಬೆರಳಿಗೆ ತಿಳಿಯುತ್ತದೆ.

ಇನ್ನೊಂದು ನಿದರ್ಶನವನ್ನು ನೋಡೋಣ. ಮೈನ್‌ಕ್ರಾಫ್ಟ್ ಸರ್ವರ್ ಸೆಕೆಂಡಿಗೆ 20 ಬಾರಿ ತನ್ನ ಲೋಕದ ಲೆಕ್ಕವನ್ನು ಹೊಸದಾಗಿ ಮಾಡಬೇಕು. ಅಂದರೆ ಒಂದು ಸುತ್ತಿಗೆ 50 ಮಿಲಿಸೆಕೆಂಡು. ಈ ಲೆಕ್ಕದ ಮುಖ್ಯ ಭಾಗವು ಪ್ರೊಸೆಸರಿನ ಒಂದೇ ತಿರುಳಿನ ಮೇಲೆ ಬೀಳುತ್ತದೆ. ಹಾಗಿದ್ದರೂ ಹೋಸ್ಟಿಂಗ್ ಮಾರುವವರು ಸಾಮಾನ್ಯವಾಗಿ ದರ ಹೇಳುವುದು ಮೆಮೊರಿಯ ಗಿಗಾಬೈಟ್ ಲೆಕ್ಕದಲ್ಲಿ. ಮೆಮೊರಿ ಎಷ್ಟಿದ್ದರೇನು, ಪ್ರೊಸೆಸರ್ ನಿಧಾನವಾಗಿದ್ದರೆ ಅಥವಾ ಒಂದೇ ಯಂತ್ರದಲ್ಲಿ ಅಳತೆ ಮೀರಿ ಗಿರಾಕಿಗಳನ್ನು ತುಂಬಿದ್ದರೆ ಆಟ ತಡವರಿಸುತ್ತದೆ. ಗಜದ ಲೆಕ್ಕದಲ್ಲಿ ಬೇಕಾದ ಬಟ್ಟೆಯನ್ನು ತೂಕದ ಲೆಕ್ಕದಲ್ಲಿ ಮಾರಿದಂತೆ ಇದು. ಜಾಲತಾಣಗಳಿಗೆ "ಅಮಿತ ಸ್ಥಳ" ಎಂದು ಮಾರುವ ಅಗ್ಗದ ಯೋಜನೆಗಳ ಒಳಗುಟ್ಟೂ ಇದೇ. ಎಲ್ಲ ಗಿರಾಕಿಗಳೂ ಒಂದೇ ದಿನ ತಮ್ಮ ಪಾಲನ್ನು ಕೇಳುವುದಿಲ್ಲವೆಂಬ ನಂಬಿಕೆಯ ಮೇಲೆ ಆ ಬೆಲೆ ನಿಂತಿರುತ್ತದೆ. ಹಬ್ಬದ ಮುನ್ನಾದಿನ ಎಲ್ಲ ಅಂಗಡಿಗಳ ತಾಣಗಳಿಗೂ ಗಿರಾಕಿಗಳು ಏಕಕಾಲಕ್ಕೆ ಬಂದರೆ ಆ ನಂಬಿಕೆ ಕುಸಿಯುತ್ತದೆ.

ಪುಕ್ಕಟೆ ಜಾಗದ ಬೆಲೆ

ಆರಂಭದ ವರ್ಷಗಳಲ್ಲಿ ಆಟಗಾರರ ತಂಡಗಳು ಹಣ ತೆತ್ತು ಜಾಗ ಪಡೆದದ್ದು ಕಡಿಮೆ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ಸಂಸ್ಥೆಯು ಬೇಕೆಂದವರಿಗೆ ಪುಕ್ಕಟೆಯಾಗಿ ಪುಟಗಳನ್ನು ಕೊಡುತ್ತಿತ್ತು. ಊರಿನ ಬಡಾವಣೆಗಳಂತೆ ವಿಷಯಾನುಸಾರವಾಗಿ ಅದನ್ನು ವಿಂಗಡಿಸಲಾಗಿತ್ತು. ಟೈಮ್ಸ್ ಸ್ಕ್ವೇರ್ ಎಂಬ ಬಡಾವಣೆ ಆಟಗಳಿಗೆ ಮೀಸಲಾಗಿತ್ತು. 1999ರಲ್ಲಿ ಯಾಹೂ ಕಂಪನಿಯು ಇದನ್ನು ನೂರಾರು ಕೋಟಿ ಡಾಲರುಗಳ ಬೆಲೆಗೆ ಕೊಂಡುಕೊಂಡಿತು. ಹತ್ತೇ ವರ್ಷಗಳ ಬಳಿಕ, 2009ರ ಅಕ್ಟೋಬರ್ 26ರಂದು, ಜಪಾನಿನ ಶಾಖೆಯೊಂದನ್ನು ಬಿಟ್ಟು ಉಳಿದುದನ್ನೆಲ್ಲ ಮುಚ್ಚಿತು. ಜಪಾನಿನ ಶಾಖೆಯೂ 2019ರಲ್ಲಿ ಮುಚ್ಚಿತು. ಪುಟಗಳನ್ನು ಇಳಿಸಿಟ್ಟುಕೊಳ್ಳಲು ಯಾಹೂ ಕೆಲವು ತಿಂಗಳ ಕಾಲಾವಕಾಶವನ್ನೇನೋ ಕೊಟ್ಟಿತ್ತು. ಆದರೆ ವಿಳಾಸಗಳೆಲ್ಲ ಯಾಹೂವಿನ ಸ್ವತ್ತು; ಅವನ್ನು ಹೊತ್ತೊಯ್ಯುವ ದಾರಿ ಯಾರಿಗೂ ಇರಲಿಲ್ಲ.

ಗೇಮ್‌ಸ್ಪೈ ಎಂಬ ಇನ್ನೊಂದು ಸಂಸ್ಥೆಯದೂ ಬೋಧಪ್ರದವಾದ ಕಥೆ. ಆಟಗಾರರಿಗೆ ಲಭ್ಯವಿರುವ ಸರ್ವರುಗಳ ಪಟ್ಟಿಯನ್ನು ತೋರಿಸಿ ಜೋಡಿಸಿಕೊಡುವ ದಲ್ಲಾಳಿ ಸೇವೆ ಇದರದು. ಹಲವಾರು ಆಟಗಳ ತಯಾರಕರು ಸ್ವಂತ ಏರ್ಪಾಡು ಮಾಡಿಕೊಳ್ಳದೆ ಈ ಸೇವೆಯನ್ನೇ ನೆಚ್ಚಿಕೊಂಡಿದ್ದರು. 2012ರಲ್ಲಿ ಇದು ಗ್ಲೂ ಮೊಬೈಲ್ ಎಂಬ ಕಂಪನಿಯ ಕೈಸೇರಿತು. 2014ರ ಮೇ 31ರಂದು ಸೇವೆ ನಿಂತಿತು. ಬೇರೆ ಏರ್ಪಾಡು ಮಾಡಿಕೊಂಡ ಆಟಗಳು ಉಳಿದವು. ಉಳಿದ ಆಟಗಳಲ್ಲಿ ಸರ್ವರುಗಳು ಚಾಲನೆಯಲ್ಲಿದ್ದರೂ ಅವುಗಳನ್ನು ಹುಡುಕುವ ದಾರಿಯೇ ಆಟಗಾರರಿಗೆ ತಪ್ಪಿಹೋಯಿತು. ಅಂಗಡಿ ತೆರೆದಿದೆ, ಸರಕೂ ಇದೆ, ಆದರೆ ಬೀದಿಯ ಹೆಸರೇ ನಕ್ಷೆಯಿಂದ ಅಳಿದಿದೆ ಎಂಬಂಥ ಸ್ಥಿತಿ ಅದು.

ಇಂಥ ಪ್ರಸಂಗಗಳಲ್ಲಿ ಹಾನಿಯಿಲ್ಲದೆ ಪಾರಾಗಲು ಇದ್ದ ಸಾಧನ ಒಂದೇ: ಸ್ವಂತ ಡೊಮೈನ್, ಎಂದರೆ ತಂಡದ ಹೆಸರಿನಲ್ಲೇ ನೋಂದಣಿಯಾದ ಜಾಲವಿಳಾಸ. ಡೊಮೈನ್ ಎಂಬುದು ಅಂಗಡಿಯ ನಾಮಫಲಕವಿದ್ದಂತೆ. ಹೋಸ್ಟಿಂಗ್ ಎಂಬುದು ಮಳಿಗೆಯಿದ್ದಂತೆ. ನಾಮಫಲಕವು ಯಾವ ಯಂತ್ರದ ಕಡೆಗೆ ದಾರಿ ತೋರಿಸಬೇಕೆಂಬುದನ್ನು ಅದರ ಒಡೆಯನು ಬೇಕೆಂದಾಗ ಬದಲಾಯಿಸಬಹುದು. ಮಳಿಗೆ ಬದಲಾದರೂ ಫಲಕ ಅದೇ ಇರುವುದರಿಂದ ಗಿರಾಕಿಗೆ ಬದಲಾವಣೆ ತಿಳಿಯುವುದೂ ಇಲ್ಲ.

ಈಗ ನಮ್ಮ ಊರುಗಳ ಪರಿಸ್ಥಿತಿಯತ್ತ ನೋಡೋಣ. ಭಾರತದ ಡಾಟ್ ಇನ್ ವಿಳಾಸಗಳ ನೋಂದಣಿಯು 2005ರಿಂದ ಸಾರ್ವಜನಿಕರಿಗೆ ಧಾರಾಳವಾಗಿ ತೆರೆದಿದೆ. ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ ಅದರ ಉಸ್ತುವಾರಿ ನೋಡಿಕೊಳ್ಳುತ್ತದೆ. ಹೀಗಿದ್ದರೂ ತಾಣ ರೂಪಿಸಿಕೊಟ್ಟವನು ಅನುಕೂಲಕ್ಕೆಂದು ತನ್ನ ಹೆಸರಿನಲ್ಲಿ, ತನ್ನ ಮಿಂಚಂಚೆ ವಿಳಾಸ ಕೊಟ್ಟು ಡೊಮೈನ್ ನೋಂದಾಯಿಸಿಕೊಂಡಿರುವುದು ಸರ್ವೇಸಾಮಾನ್ಯ. ಅವನು ಕೆಲಸ ಬಿಟ್ಟು ಬೇರೆ ಊರಿಗೆ ಹೋದರೆ, ಬಾಕಿಯ ವಿಷಯದಲ್ಲಿ ಮನಸ್ತಾಪವಾದರೆ, ಇಲ್ಲವೇ ನವೀಕರಣದ ನೋಟೀಸು ಅವನ ಹಳೆಯ ವಿಳಾಸಕ್ಕೆ ಬಂದು ಯಾರೂ ನೋಡದೆ ಹೋದರೆ, ಅವಧಿ ಮುಗಿದ ಹೆಸರನ್ನು ಕೆಲವು ವಾರಗಳ ನಂತರ ಯಾರು ಬೇಕಾದರೂ ಕೊಳ್ಳಬಹುದು. ಎರಡು ತಲೆಮಾರು ಕಷ್ಟಪಟ್ಟು ಗಳಿಸಿದ ಅಂಗಡಿಯ ಹೆಸರನ್ನು ಇಷ್ಟು ಸಡಿಲವಾದ ಗೂಟಕ್ಕೆ ಕಟ್ಟುವುದು ವಿವೇಕವಲ್ಲ.

ಪೈಪೋಟಿಯು ಅಡ್ಡದಾರಿ ಹಿಡಿದಾಗ

ಎರಡನೆಯ ಪಾಠ ಇದಕ್ಕಿಂತ ಕಟುವಾದುದು. ಮೈನ್‌ಕ್ರಾಫ್ಟ್ ಜನಪ್ರಿಯವಾದಂತೆ ಸರ್ವರ್ ನಡೆಸುವುದೇ ಕೆಲವರಿಗೆ ಆದಾಯದ ಮೂಲವಾಯಿತು. ಆಟಗಾರರಿಗೆ ವಿಶೇಷ ಸೌಲಭ್ಯಗಳನ್ನು ಮಾರಿ ಅವರು ಹಣ ಗಳಿಸುತ್ತಿದ್ದರು. 2014ರಲ್ಲಿ ಆಟದ ತಯಾರಕರಾದ ಮೊಯಾಂಗ್ ಕಂಪನಿಯವರು, ಹಣ ಕೊಟ್ಟವರಿಗೆ ಆಟದಲ್ಲಿ ಮೇಲುಗೈ ಸಿಗುವಂಥ ಮಾರಾಟವನ್ನು ನಿರ್ಬಂಧಿಸಿದಾಗ ಈ ಗಳಿಕೆಗೂ ಮಿತಿ ಬಿತ್ತು. ಒಬ್ಬನೇ ತಯಾರಕನ ಸರಕನ್ನು ನೆಚ್ಚಿದ ಏಜೆನ್ಸಿದಾರರಿಗೆ ಈ ಅನುಭವ ಅಪರಿಚಿತವೇನಲ್ಲ.

ಪೈಪೋಟಿ ಹೆಚ್ಚಿದಂತೆ ಒಂದು ದುಷ್ಟಪದ್ಧತಿ ಬೆಳೆಯಿತು. ಎದುರಾಳಿಯ ಸರ್ವರಿಗೆ ಸಾವಿರಾರು ಗಣಕಗಳಿಂದ ಏಕಕಾಲದಲ್ಲಿ ಪೊಳ್ಳು ಸಂದೇಶಗಳನ್ನು ಸುರಿದು ಅದನ್ನು ಸ್ತಬ್ಧಗೊಳಿಸುವುದು ಆ ಪದ್ಧತಿ. ಕೊಳ್ಳುವ ಉದ್ದೇಶವೇ ಇಲ್ಲದ ನೂರಾರು ಮಂದಿಯನ್ನು ಕಳುಹಿಸಿ ಎದುರಂಗಡಿಯ ಬಾಗಿಲನ್ನು ಮುಚ್ಚಿಸಿದಂತೆ. ನಾಲ್ಕು ಗಂಟೆ ಆಟ ನಿಂತರೆ ಆಟಗಾರರು ಬೇರೆ ಸರ್ವರಿಗೆ ಹೋಗುತ್ತಾರೆ, ಹೋದವರೆಲ್ಲ ಮರಳುವುದಿಲ್ಲ. ಇಂಥ ದಾಳಿಯಿಂದ ರಕ್ಷಣೆ ಒದಗಿಸುವುದೂ ಒಂದು ಮಾರಾಟದ ಸರಕಾಯಿತು.

2016ರಲ್ಲಿ ಅಮೆರಿಕದ ಮೂವರು ತರುಣರು ಮೀರಾಯ್ ಎಂಬ ಹೆಸರಿನ ದುಷ್ಟ ತಂತ್ರಾಂಶವೊಂದನ್ನು ರಚಿಸಿದರು. ಅವರಲ್ಲಿಬ್ಬರು ಮೈನ್‌ಕ್ರಾಫ್ಟ್ ಸರ್ವರುಗಳಿಗೆ ದಾಳಿಯಿಂದ ರಕ್ಷಣೆ ಮಾರುವ ಸಂಸ್ಥೆಯೊಂದರ ಪಾಲುದಾರರು ಎಂಬುದು ಗಮನಾರ್ಹ. ಬೀಗ ಮಾರುವವನೇ ಕನ್ನ ಹಾಕಲು ಹೊರಟ ಪ್ರಕರಣ ಇದು. ಆ ತಂತ್ರಾಂಶವು ಹುಡುಕುತ್ತಿದ್ದುದು ಅಂತರ್ಜಾಲಕ್ಕೆ ಜೋಡಿಸಿದ ಕಾವಲು ಕ್ಯಾಮೆರಾಗಳನ್ನು, ಅವುಗಳ ಚಿತ್ರಗಳನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಗಳನ್ನು ಮತ್ತು ರೂಟರುಗಳನ್ನು. ಕಾರ್ಖಾನೆಯಲ್ಲಿ ಹಾಕಿಬಿಟ್ಟ ಸುಮಾರು 60 ಬಗೆಯ ಬಳಕೆದಾರರ ಹೆಸರು ಮತ್ತು ಗುಪ್ತಪದಗಳ ಪಟ್ಟಿ ಅದರಲ್ಲಿತ್ತು. ಕೊಂಡವರು ಗುಪ್ತಪದವನ್ನು ಬದಲಾಯಿಸದೇ ಇದ್ದರೆ ಅಷ್ಟೇ ಸಾಕಾಗಿತ್ತು; ಆ ಪೆಟ್ಟಿಗೆಯು ಒಡೆಯನಿಗೆ ತಿಳಿಯದಂತೆ ದಾಳಿಕೋರರ ಸೈನ್ಯವನ್ನು ಸೇರುತ್ತಿತ್ತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈ ಸೈನ್ಯವು, ಬಹಳಷ್ಟು ಮೈನ್‌ಕ್ರಾಫ್ಟ್ ಸರ್ವರುಗಳಿಗೆ ಜಾಗ ಕೊಟ್ಟಿದ್ದ ಫ್ರಾನ್ಸಿನ ಓವಿಎಚ್ ಕಂಪನಿಯ ಮೇಲೆ ಎರಗಿತು. ಅದೇ ತಿಂಗಳಲ್ಲಿ ಭದ್ರತಾ ವಿಷಯಗಳ ಬಗ್ಗೆ ಬರೆಯುವ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅವರ ತಾಣದ ಮೇಲೆ ಸೆಕೆಂಡಿಗೆ ಸುಮಾರು 620 ಗಿಗಾಬಿಟ್ ಪ್ರಮಾಣದ ದಾಳಿಯಾಯಿತು. ಸೆಪ್ಟೆಂಬರ್ ಕೊನೆಯಲ್ಲಿ ರಚನಾಕಾರರು ತಂತ್ರಾಂಶದ ಮೂಲವನ್ನೇ ಬಹಿರಂಗಗೊಳಿಸಿದರು. ಅಕ್ಟೋಬರ್ 21ರಂದು ಅದನ್ನು ಬಳಸಿಕೊಂಡ ಬೇರೆಯವರು ಜಾಲವಿಳಾಸಗಳ ದಾರಿ ತೋರಿಸುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ಮಾಡಿದಾಗ ಟ್ವಿಟರ್, ನೆಟ್‌ಫ್ಲಿಕ್ಸ್ ಮುಂತಾದ ತಾಣಗಳು ಅಮೆರಿಕದ ಬಹುಭಾಗದಲ್ಲಿ ಗಂಟೆಗಟ್ಟಲೆ ತೆರೆಯದಾದವು. ಮೂವರು ತರುಣರು 2017ರಲ್ಲಿ ತಪ್ಪೊಪ್ಪಿಕೊಂಡರು; ಮರುವರ್ಷ ಅವರಿಗೆ ಶಿಕ್ಷೆಯಾಯಿತು.

ಈ ಪ್ರಕರಣದಲ್ಲಿ ಸಣ್ಣ ಉತ್ಪಾದಕರಿಗೂ ವ್ಯಾಪಾರಿಗಳಿಗೂ ಬೇರೆ ಬೇರೆ ಪಾಠಗಳಿವೆ. ದಾಳಿಯಲ್ಲಿ ಬಳಕೆಯಾದ ಕ್ಯಾಮೆರಾಗಳ ಬಿಡಿಭಾಗಗಳನ್ನು ತಯಾರಿಸಿದ್ದ ಚೀನಾದ ಶಿಯೊಂಗ್‌ಮಾಯ್ ಕಂಪನಿಯು ಅಮೆರಿಕದಲ್ಲಿ ಮಾರಿದ್ದ ಕೆಲವು ಸರಕನ್ನು ಹಿಂದಕ್ಕೆ ಕರೆಸಿಕೊಳ್ಳುವುದಾಗಿ ಘೋಷಿಸಬೇಕಾಯಿತು. ಎಲ್ಲ ಪೆಟ್ಟಿಗೆಗಳಿಗೂ ಒಂದೇ ಗುಪ್ತಪದ ಹಾಕಿ ಉಳಿಸಿದ್ದು ಅತ್ಯಲ್ಪ, ಕಳೆದುಕೊಂಡದ್ದು ಹೆಸರು. ಭಾರತದಲ್ಲಿಯೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯವಾಗಿದೆ. ಇದನ್ನು ಇನ್ನೊಂದು ಇನ್‌ಸ್ಪೆಕ್ಟರ್ ಕಾಟವೆಂದು ನಮ್ಮವರಲ್ಲಿ ಕೆಲವರು ಗೊಣಗುವುದುಂಟು. ಖರ್ಚು ಹೆಚ್ಚುವುದು ನಿಜ. ಆದರೂ ತಾನು ಮಾರಿದ ಸರಕು ಪರರ ಅಂಗಡಿ ಮುಚ್ಚಿಸುವ ಆಯುಧವಾಗಬಾರದೆಂಬ ಹೊಣೆಯನ್ನು ಉತ್ಪಾದಕನು ಹೊರಲೇಬೇಕು.

ಇನ್ನು ವ್ಯಾಪಾರಿಗಳ ಮಾತು. ಹೊಸ ಕ್ಯಾಮೆರಾಗಳಿಗೆ ನಿಯಮ ಬಂದರೂ ಹಳೆಯ ಡಿವಿಆರ್ ಪೆಟ್ಟಿಗೆಗಳು ನಮ್ಮ ಅಂಗಡಿಗಳಲ್ಲಿ ಇನ್ನೂ ಇವೆ. ಅವುಗಳ ಗುಪ್ತಪದವು ಅಳವಡಿಸಿದವನು ಬಿಟ್ಟುಹೋದುದೇ ಆಗಿದ್ದರೆ ಇಂದೇ ಬದಲಾಯಿಸತಕ್ಕದ್ದು. ಆಯುಧಪೂಜೆಯಂದು ಯಂತ್ರಗಳನ್ನು ತೊಳೆದು ಕುಂಕುಮವಿಡುವ ನಾವು, ಆ ದಿನ ಈ ಪೆಟ್ಟಿಗೆಯ ಗುಪ್ತಪದವನ್ನೂ ಬದಲಾಯಿಸುವ ರೂಢಿಯಿಟ್ಟುಕೊಂಡರೆ ತಪ್ಪೇನಿಲ್ಲ.

ಬೆಂಕಿ ಬಿದ್ದಾಗ

ಮೂರನೆಯ ಪಾಠ ನಕಲಿನದು. ಮೇಲೆ ಹೇಳಿದ ಓವಿಎಚ್ ಕಂಪನಿಯು 1999ರಲ್ಲಿ ಸ್ಥಾಪಿತವಾಗಿ ಯುರೋಪಿನ ಬಹುದೊಡ್ಡ ಹೋಸ್ಟಿಂಗ್ ಸಂಸ್ಥೆಗಳಲ್ಲೊಂದಾಗಿ ಬೆಳೆದಿದೆ. 2021ರ ಮಾರ್ಚ್ 10ರ ನಡುರಾತ್ರಿ ಕಳೆದ ಮೇಲೆ ಸ್ಟ್ರಾಸ್‌ಬರ್ಗ್ ನಗರದಲ್ಲಿದ್ದ ಅದರ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದು, ಒಂದು ಕಟ್ಟಡ ಸಂಪೂರ್ಣವಾಗಿ ಭಸ್ಮವಾಯಿತು. ಪಕ್ಕದ ಕಟ್ಟಡದ ಕೆಲವು ಕೋಣೆಗಳೂ ಸುಟ್ಟವು. ಅದೃಷ್ಟವಶಾತ್ ಪ್ರಾಣಹಾನಿಯಾಗಲಿಲ್ಲ. ರಸ್ಟ್ ಎಂಬ ಆಟವನ್ನು ನಡೆಸುವ ಬ್ರಿಟನ್ನಿನ ಫೇಸ್‌ಪಂಚ್ ಸ್ಟುಡಿಯೋಸ್ ಸಂಸ್ಥೆಯು ತನ್ನ 25 ಯುರೋಪಿಯನ್ ಸರ್ವರುಗಳು ನಾಶವಾಗಿವೆ, ಅವುಗಳಲ್ಲಿದ್ದ ಮಾಹಿತಿಯನ್ನು ಮರಳಿ ಪಡೆಯಲಾಗದು ಎಂದು ಪ್ರಕಟಿಸಿತು.

ಆ ಆಟದಲ್ಲಿ ನಿಯತಕಾಲಕ್ಕೊಮ್ಮೆ ಹಳೆಯ ಲೋಕವನ್ನು ಅಳಿಸಿ ಹೊಸದಾಗಿ ಆರಂಭಿಸುವ ರೂಢಿಯಿದೆ. ಆದ್ದರಿಂದ ಆಟಗಾರರು ಕಳೆದುಕೊಂಡದ್ದು ಕೆಲವು ದಿನಗಳ ಶ್ರಮವನ್ನಷ್ಟೆ. ನಮ್ಮ ಖಾತೆ-ಕಿರ್ದಿಗಳಿಗೆ ಅಂಥ ರೂಢಿಯಿಲ್ಲ. ಗಿರಾಕಿಗಳ ವಿಳಾಸ, ಬಾಕಿಯ ವಿವರ, ಸರಕಿನ ಪಟ್ಟಿ, ಬಂದ ಆರ್ಡರುಗಳು ಇವೆಲ್ಲ ಒಂದೇ ಯಂತ್ರದಲ್ಲಿದ್ದು ಆ ಯಂತ್ರ ಸುಟ್ಟರೆ ಮರಳಿ ಬರೆಯುವುದು ಯಾರಿಂದ ಸಾಧ್ಯ? ಬೆಂಕಿ ಬಿದ್ದ ಮೇಲೆ ಬಾವಿ ತೋಡಿ ಫಲವಿಲ್ಲ.

"ನಮ್ಮ ಹೋಸ್ಟಿಂಗ್ ಕಂಪನಿಯವರೇ ನಕಲು ಇಟ್ಟಿರುತ್ತಾರೆ" ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಾಧಾನ. ಆ ನಕಲು ಅದೇ ಕಟ್ಟಡದಲ್ಲಿದ್ದರೆ ಮೂಲದೊಂದಿಗೆ ಅದೂ ಬೂದಿಯಾಗುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದಾದರೂ ಬೇರೆ ಊರಿನಲ್ಲಿ, ಇದು ಈ ಕ್ಷೇತ್ರದ ಅನುಭವಿಗಳು ಪಾಲಿಸುವ ಸರಳ ಸೂತ್ರ. ಇದರ ಜೊತೆಗೆ ಇನ್ನೊಂದನ್ನು ಸೇರಿಸುವುದು ಒಳ್ಳೆಯದು: ವರ್ಷಕ್ಕೆರಡು ಬಾರಿಯಾದರೂ ನಕಲನ್ನು ತೆರೆದು, ಅದರಿಂದ ತಾಣವನ್ನು ನಿಜವಾಗಿ ಮರಳಿ ಕಟ್ಟಿ ನೋಡಬೇಕು. ತೆರೆದು ನೋಡದ ನಕಲು ಎಣಿಸಿ ನೋಡದ ನೋಟಿನ ಕಟ್ಟಿನಂತೆ.

ಎರಡು ಆಕ್ಷೇಪಗಳು

ಇಷ್ಟನ್ನು ಹೇಳಿದಾಗ ಎರಡು ಆಕ್ಷೇಪಗಳು ಬರುವುದು ಸಹಜ. ಮೊದಲನೆಯದು, "ನಮ್ಮದು ನಾಲ್ಕು ಪುಟದ ತಾಣ, ಇಷ್ಟೆಲ್ಲ ರಗಳೆ ಯಾಕೆ?" ಎಂಬುದು. ಪುಟ ನಾಲ್ಕೇ ಇರಬಹುದು. ಆದರೆ ಅದೇ ಡೊಮೈನಿನಲ್ಲಿ ಸಂಸ್ಥೆಯ ಮಿಂಚಂಚೆ ನಡೆಯುತ್ತಿದ್ದರೆ, ಬ್ಯಾಂಕಿನ ಪತ್ರವ್ಯವಹಾರ, ಸರಕು ಮತ್ತು ಸೇವಾ ತೆರಿಗೆಯ ಸೂಚನೆಗಳು, ಗಿರಾಕಿಗಳ ಆರ್ಡರುಗಳೆಲ್ಲ ಆ ಹೆಸರಿನ ಮೂಲಕವೇ ಬರುತ್ತಿರುತ್ತವೆ. ಹೆಸರು ಪರರ ಕೈಸೇರಿದರೆ ಆ ಪತ್ರಗಳೂ ಅವರ ಕೈಸೇರುತ್ತವೆ. ಆಗುವ ನಷ್ಟವನ್ನು ಪುಟಗಳ ಸಂಖ್ಯೆಯಿಂದ ಅಳೆಯಲಾಗದು.

ಎರಡನೆಯದು, "ಈಗ ಎಲ್ಲವೂ ಸಾಮಾಜಿಕ ಜಾಲತಾಣದಲ್ಲಿ, ವಾಟ್ಸ್ಆ್ಯಪಿನಲ್ಲಿ ನಡೆಯುತ್ತದೆ, ಸ್ವಂತ ತಾಣವೇ ಬೇಡ" ಎಂಬುದು. ಆಟಗಾರರ ತಂಡಗಳೂ ಹೀಗೆಯೇ ಯೋಚಿಸಿ, 2015ರಲ್ಲಿ ಆರಂಭವಾದ ಡಿಸ್ಕಾರ್ಡ್ ಎಂಬ ಸೇವೆಗೆ ದೊಡ್ಡ ಸಂಖ್ಯೆಯಲ್ಲಿ ವಲಸೆ ಹೋಗಿವೆ. ಅದು ಸುಲಭ, ಬೇಗ, ಆರಂಭದ ಖರ್ಚೂ ಇಲ್ಲ. ಈ ಅನುಕೂಲವನ್ನು ಅಲ್ಲಗಳೆಯಬೇಕಾಗಿಲ್ಲ. ಗಿರಾಕಿ ಇರುವಲ್ಲಿಗೆ ವ್ಯಾಪಾರಿ ಹೋಗಲೇಬೇಕು. ಆದರೆ ಅದು ಸಂತೆಯಲ್ಲಿ ಅಂಗಡಿ ಹಾಕಿದಂತೆ. ಸಂತೆಯ ನಿಯಮವನ್ನು ಮಾಡುವವರು ಬೇರೆಯವರು. ನಾಳೆ ಸುಂಕ ಹಾಕಿದರೂ ಜಾಗ ಬದಲಾಯಿಸಿದರೂ ಕೇಳುವಂತಿಲ್ಲ. ಸಂತೆಯಲ್ಲಿ ಮಾರಿದರೂ ಊರಿನಲ್ಲಿ ಸ್ವಂತ ಅಂಗಡಿಯೊಂದು ಇರಲಿ, ಗಿರಾಕಿಗಳ ಪಟ್ಟಿ ಆ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿರಲಿ ಎಂಬುದಷ್ಟೇ ಇಲ್ಲಿನ ವಾದ.

ಮಾಡಬೇಕಾದುದೇನು?

ಸದಸ್ಯರು ತಮ್ಮ ಮಟ್ಟದಲ್ಲಿ ಈ ಕೆಳಗಿನ ಕ್ರಮಗಳನ್ನು ಈ ತಿಂಗಳಲ್ಲೇ ಕೈಗೊಳ್ಳಬಹುದು.

1. ಡೊಮೈನ್ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿದೆಯೇ ಎಂದು ಪರಿಶೀಲಿಸುವುದು. ಇಲ್ಲವಾದರೆ ಸೌಹಾರ್ದದಿಂದಿರುವಾಗಲೇ ವರ್ಗಾಯಿಸಿಕೊಳ್ಳುವುದು. ನವೀಕರಣದ ಸೂಚನೆಯು ಮಾಲೀಕರ ವಿಳಾಸಕ್ಕೇ ಬರುವಂತೆ ಮಾಡುವುದು.

2. ಡೊಮೈನ್ ಮತ್ತು ಹೋಸ್ಟಿಂಗ್ ಎರಡನ್ನೂ ಒಬ್ಬರಿಂದಲೇ ಪಡೆಯುವುದು ಅನುಕೂಲವೆನಿಸಿದರೂ ಎರಡನ್ನೂ ಬೇರೆ ಬೇರೆ ಸಂಸ್ಥೆಗಳಲ್ಲಿಡುವುದು. ಒಬ್ಬರೊಡನೆ ವ್ಯಾಜ್ಯವಾದರೂ ಇನ್ನೊಂದು ಉಳಿಯುತ್ತದೆ.

3. ಎಲ್ಲ ಗುಪ್ತಪದಗಳನ್ನು ಬರೆದು, ಮೊಹರು ಮಾಡಿದ ಲಕೋಟೆಯಲ್ಲಿ ತಿಜೋರಿಯಲ್ಲಿಡುವುದು. ತಾಣ ನೋಡಿಕೊಳ್ಳುವವರು ಬದಲಾದಾಗ ಗುಪ್ತಪದಗಳನ್ನೂ ಬದಲಾಯಿಸುವುದು.

4. ಹೋಸ್ಟಿಂಗ್ ಪಡೆಯುವಾಗ ಯಂತ್ರ ಯಾವ ಊರಿನಲ್ಲಿದೆ, ನಕಲು ಯಾವ ಊರಿನಲ್ಲಿದೆ, ಸೇವೆ ನಿಲ್ಲಿಸುವುದಾದರೆ ಎಷ್ಟು ದಿನಗಳ ಮುನ್ಸೂಚನೆ ಕೊಡುತ್ತಾರೆ, ಬಿಟ್ಟುಹೋಗುವಾಗ ಮಾಹಿತಿಯನ್ನು ಯಾವ ರೂಪದಲ್ಲಿ ಕೊಡುತ್ತಾರೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯುವುದು.

5. ತಿಂಗಳಿಗೊಮ್ಮೆಯಾದರೂ ತಾಣದ ಹಾಗೂ ಮಿಂಚಂಚೆಯ ನಕಲನ್ನು ಸ್ವಂತ ಡಿಸ್ಕಿಗೆ ಇಳಿಸಿ, ಆ ಡಿಸ್ಕನ್ನು ಅಂಗಡಿಯಲ್ಲಲ್ಲದೆ ಬೇರೆ ಸ್ಥಳದಲ್ಲಿಡುವುದು.

ಇವುಗಳಿಗೆ ತಗಲುವ ವೆಚ್ಚವು ಗೋದಾಮಿನ ಒಂದು ಒಳ್ಳೆಯ ಬೀಗಕ್ಕೆ ಕೊಡುವ ಹಣಕ್ಕಿಂತ ಬಹಳ ಹೆಚ್ಚಾಗಲಾರದು.

ಹೋಸ್ಟಿಂಗ್ ವ್ಯವಹಾರಕ್ಕೇ ಇಳಿಯಬಯಸುವ ತರುಣ ಉದ್ಯಮಿಗಳೂ ನಮ್ಮ ನಡುವೆ ಇದ್ದಾರೆ. ದೊಡ್ಡ ಕಂಪನಿಗಳಿಂದ ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವುದಕ್ಕೆ ಇಲ್ಲಿ ಹೆಚ್ಚಿನ ಬಂಡವಾಳ ಬೇಕಿಲ್ಲ. ಆದರೆ ಹೊಣೆ ದೊಡ್ಡದು. ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಸರ್ವರ್ ಬಾಡಿಗೆಗೆ ಕೊಡುವವರು ಗಿರಾಕಿಯ ಹೆಸರು, ವಿಳಾಸಗಳನ್ನು ಖಚಿತಪಡಿಸಿಕೊಂಡು 5 ವರ್ಷಗಳ ಕಾಲ ದಾಖಲೆಯಲ್ಲಿಡಬೇಕು. ನಿರ್ದೇಶನದಲ್ಲಿ ಪಟ್ಟಿ ಮಾಡಿದ ಬಗೆಯ ದಾಳಿಯಾದರೆ, ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು. ಈ ಎರಡನೆಯ ನಿಯಮವು ಹೋಸ್ಟಿಂಗ್ ಮಾರುವವರಿಗಷ್ಟೇ ಅಲ್ಲ, ಕಂಪನಿಯಾಗಿ ನೋಂದಣಿಯಾದ ನಮ್ಮ ಸದಸ್ಯ ಸಂಸ್ಥೆಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಬಹುಮಂದಿ ಅರಿತಿಲ್ಲ. ಬೆಲೆಯನ್ನು ತಗ್ಗಿಸುತ್ತಲೇ ಹೋಗಿ ಗೆಲ್ಲುವವರು ಈ ವ್ಯವಹಾರದಲ್ಲಿ ಬಹುಕಾಲ ನಿಲ್ಲಲಾರರು. ತೊಂದರೆಯಾದ ರಾತ್ರಿ ಫೋನು ಎತ್ತುವವನಿಗೆ, ತಪ್ಪು ನಡೆದಾಗ ಗಿರಾಕಿಗೆ ಮುಚ್ಚುಮರೆಯಿಲ್ಲದೆ ತಿಳಿಸುವವನಿಗೆ ಮಾತ್ರ ಗಿರಾಕಿ ಉಳಿಯುತ್ತಾನೆ.

ಕೊನೆಯದಾಗಿ ನಮ್ಮ ಸಂಸ್ಥೆಯ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಮಳಿಗೆಗಳ ಬಾಡಿಗೆ, ವಿದ್ಯುತ್ ದರ, ತೆರಿಗೆಗಳ ವಿಷಯದಲ್ಲಿ ಸಂಸ್ಥೆಯು ಸದಸ್ಯರ ಪರವಾಗಿ ನಿಂತಿರುವಂತೆ ಈ ಹೊಸ ಬಾಡಿಗೆಯ ವಿಷಯದಲ್ಲೂ ನಿಲ್ಲಬೇಕು. ಕಾನೂನು ತಜ್ಞರ ನೆರವಿನಿಂದ ಕನ್ನಡದಲ್ಲಿ ಎರಡು ಪುಟಗಳ ಮಾದರಿ ಕರಾರುಪತ್ರವನ್ನು ಸಿದ್ಧಪಡಿಸಿ ಹಂಚಬೇಕು. ವರ್ಷಕ್ಕೊಂದು ದಿನ ಸದಸ್ಯರು ತಮ್ಮ ಡೊಮೈನ್ ದಾಖಲೆಗಳನ್ನು ತಂದು ತೋರಿಸಿ, ಅವು ಯಾರ ಹೆಸರಿನಲ್ಲಿವೆ ಎಂದು ತಿಳಿದುಕೊಳ್ಳುವ ತಪಾಸಣಾ ಶಿಬಿರವನ್ನು ಏರ್ಪಡಿಸಬೇಕು. ಹತ್ತಾರು ಸದಸ್ಯರು ಒಟ್ಟಾಗಿ ಹೋಸ್ಟಿಂಗ್ ಕೊಂಡರೆ ದರ ತಗ್ಗುವುದಲ್ಲದೆ, ಕರಾರಿನ ಷರತ್ತುಗಳ ಬಗ್ಗೆ ಮಾತನಾಡುವ ಬಲವೂ ಬರುತ್ತದೆ. ಒಂಟಿ ಗಿರಾಕಿಯ ಮಾತಿಗೆ ಯಾವ ದೊಡ್ಡ ಕಂಪನಿಯೂ ಷರತ್ತನ್ನು ಬದಲಾಯಿಸುವುದಿಲ್ಲ.

ಚಂದಾ ಎತ್ತಿ ಸರ್ವರ್ ನಡೆಸುವ ತರುಣರು ತಮ್ಮ ಆಟದ ಲೋಕ ಅಳಿದುಹೋದರೆ ಇನ್ನೊಂದನ್ನು ಕಟ್ಟಿಕೊಳ್ಳಬಲ್ಲರು. ಅವರಿಗೆ ವಯಸ್ಸಿದೆ, ವೇಳೆಯಿದೆ. ಸಂಬಳ ಕೊಡಬೇಕಾದ ಕೆಲಸಗಾರರೂ ತೀರಿಸಬೇಕಾದ ಸಾಲವೂ ಇರುವ ಸಣ್ಣ ಉದ್ಯಮಿಗೆ ಆ ಅವಕಾಶ ಕಡಿಮೆ. ಆದ್ದರಿಂದ ಸದಸ್ಯರು ಈ ಸಂಚಿಕೆಯನ್ನು ಬದಿಗಿಡುವ ಮೊದಲು, ತಮ್ಮ ತಾಣದ ಹೆಸರು ಯಾರ ಹೆಸರಿನಲ್ಲಿದೆ ಎಂಬ ಒಂದು ಪ್ರಶ್ನೆಯನ್ನಾದರೂ ಸಂಬಂಧಪಟ್ಟವರಿಗೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಒಳಿತು.